ಬೋರ್ಡಿಲ್ಲದ ಸಾಗರ

ಕಂಡಕ್ಟರ್ ದೇವರಾಜು ಶಾಲೆಯಲ್ಲಿ ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಅಲ್ಲಿಂದಾಚೆಗೆ ಓದಿದ್ದೆಲ್ಲ ಬಸ್ಸಿನ ಬೋರ್ಡು. ಮೆಜೆಸ್ಟಿಕ್ಕಿನಲ್ಲಿ ಹಣೆಯ ಮೇಲೆ ಊರಿನ ಹೆಸರು ಬರೆದುಕೊಂಡು ಸಾಲಾಗಿ ನಿಲ್ಲುವ ಕೆಂಪು ಬಸ್ಸುಗಳನ್ನು ಅವನು ನೋಡುತ್ತಿದ್ದ ರೀತಿಯೇ ಬೇರೆ, ಭಕ್ತರು ದೇವರ ಪಟ ನೋಡುವ ಹಾಗೆ. ಕೆಂಪು ಬಸ್ಸು ಹೋಗದ ಊರು ಭೂಮಿಯ ಮೇಲಿಲ್ಲ, ಬೋರ್ಡಿನಲ್ಲಿ ಕಂಡ ಊರು ತನಗೆ ಗೊತ್ತಿಲ್ಲದ್ದಲ್ಲ ಎಂಬುದು ಅವನ ಗಟ್ಟಿ ನಂಬಿಕೆ.

ಅವನ ಗಾಡಿ ಕುದೂರಿನಿಂದ ಹೊರಟು ತಿಪ್ಪಸಂದ್ರದ ಮೇಲೆ ಮಾಗಡಿಗೆ ಬರುತ್ತದೆ. ಮನೆಯೂ ತಿಪ್ಪಸಂದ್ರವೇ. ಹಾಗಾಗಿ ಅವನ ಮನೆಯ ಸುದ್ದಿಯೆಲ್ಲ ಆ ಗಾಡಿಯಲ್ಲೇ ಓಡಾಡುತ್ತಿತ್ತು. ಬೆಳಿಗ್ಗೆ ಹೆಂಡತಿ ಲತಾಮಣಿ ಸಾರಿಗೆ ಒಂದು ಚಿಟಿಕೆ ಉಪ್ಪು ಜಾಸ್ತಿ ಹಾಕಿದರೆ ಮಧ್ಯಾಹ್ನದೊಳಗೆ ಕುದೂರಿಗೆ ಗೊತ್ತು.

ಮಗಳು ರಂಗಲಕ್ಷ್ಮಿ. ಎಲ್ಲರ ಬಾಯಲ್ಲೂ ರಂಗಿ. ಅಜ್ಜಿ ಮಾಯಮ್ಮನ ಮಗ್ಗುಲಲ್ಲಿ ಮಲಗಿ ಕತೆ ಕೇಳುತ್ತ ಬೆಳೆದ ಹುಡುಗಿ. ಒಲೆಯ ಮೇಲೆ ಹಾಲು ಉಕ್ಕಿ ಹರಿಯುತ್ತಿದ್ದರೂ ಕಿಟಕಿಯಾಚೆ ದೂರದಲ್ಲಿ ಕಾಣುವ ಸಾವನದುರ್ಗ ನೋಡುತ್ತ ನಿಂತುಬಿಡುವಂಥವಳು. ಆ ಬೆಟ್ಟ ಎಲ್ಲಿಂದ ಬಂತು, ಅದರ ಹೊಟ್ಟೆಯೊಳಗೇನಿದೆ ಎಂದು ಚಿಕ್ಕಂದಿನಲ್ಲಿ ಅಜ್ಜಿಯ ಪ್ರಾಣ ತಿಂದು, ಅಜ್ಜಿಯ ಕತೆಗಳೆಲ್ಲ ಖಾಲಿಯಾದ ಮೇಲೆ ಮಾಗಡಿಯ ಕಾಲೇಜಿಗೆ ಬಿ.ಎಸ್ಸಿ.ಗೆ ಸೇರಿ ಭೂವಿಜ್ಞಾನ ತೆಗೆದುಕೊಂಡಿದ್ದಳು. ಎರಡು ವರ್ಷ ಮುಗಿದಿತ್ತು. ಇಲ್ಲಿ ಅದು ಮೂರು ವಿಷಯಗಳಲ್ಲಿ ಒಂದು ಅಷ್ಟೆ. ಅದೊಂದನ್ನೇ ಮನಸ್ಸಿಟ್ಟು ಓದಬೇಕೆಂದರೆ ಬೇರೆ ಯೂನಿವರ್ಸಿಟಿಗೆ ವರ್ಗ ಮಾಡಿಸಿಕೊಂಡು ಹೋಗಬಹುದು, ಇಲ್ಲಿ ಓದಿದ್ದು ಅಲ್ಲಿಗೂ ಸಲ್ಲುತ್ತದೆ ಎಂದು ಗಂಗಯ್ಯ ಮೇಷ್ಟ್ರು ದಾರಿ ತೋರಿಸಿದ್ದರು. ಅರ್ಜಿ ಹಾಕಿದ್ದು ಅಪ್ಪನಿಗೂ ಗೊತ್ತಿತ್ತು. ಯಾವ ಊರು ಎಂದು ಮಾತ್ರ ಅವನು ಕೇಳಿರಲಿಲ್ಲ. "ಮೊದ್ಲು ಸಿಗ್ಲಿ ಬುಡವ್ವ, ಆಮೇಕ್ ನೋಡಾಣ" ಎಂದಿದ್ದ.

ಸಿಕ್ಕಿತು. ಜುಲೈ ತಿಂಗಳ ಒಂದು ಬೆಳಿಗ್ಗೆ ರಂಗಿ ಮೊಬೈಲನ್ನು ಎದೆಗೊತ್ತಿಕೊಂಡು ಅಡುಗೆಮನೆಯಿಂದ ಅಂಗಳಕ್ಕೆ ಓಡಿಬಂದಳು. ದೇವರಾಜು ಕೊಳಾಯಿ ಹತ್ತಿರ ಹಲ್ಲುಜ್ಜುತ್ತಿದ್ದ.

"ಅಪ್ಪಾ! ಸಾಗರ್‌ನಲ್ಲಿ ಸೀಟ್ ಸಿಕ್ತು!"

ತಪ್ಪು ಹುಟ್ಟಿದ್ದು ಅಲ್ಲೇ. ನಮ್ಮ ನಾಲಿಗೆ ಯಾವ ಹೆಸರನ್ನೂ ಬಾಲವಿಲ್ಲದೆ ಬಿಡುವುದಿಲ್ಲ. ಬಸ್ ನಮ್ಮ ಬಾಯಿಗೆ ಬಂದರೆ ಬಸ್ಸು, ಕಾರ್ ಬಂದರೆ ಕಾರು, ಭೋಪಾಲ್ ಬಂದರೆ ಭೋಪಾಲು. ಮಧ್ಯಪ್ರದೇಶದ ಸಾಗರ್ ಆ ಅಂಗಳದ ಗಾಳಿಯಲ್ಲಿ ನಾಲ್ಕು ಮಾರು ಹಾರಿ ದೇವರಾಜುವಿನ ಕಿವಿಗೆ ಬೀಳುವಷ್ಟರಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರವಾಗಿತ್ತು.

"ಸಾಗ್ರವಾ!" ಬಾಯಲ್ಲಿದ್ದ ಪೇಸ್ಟು ಉಗಿದು ಅವನು ಕೂಗಿದ. "ಬಂಗಾರ್ದಂತ ಊರು ಕಣವ್ವ! ರಾತ್ರಿ ಬೆಂಗ್ಳೂರಲ್ಲಿ ಹತ್ಕಂಡ್ರೆ ಬೆಳಿಗ್ಗೆ ಕಾಫಿ ಹೊತ್ಗೆ ಸಾಗ್ರ. ಪಕ್ಕದಲ್ಲೇ ಜೋಗ. ಲತಾ, ಏ ಲತಾ! ಮಗ್ಳಿಗೆ ಟ್ರಾನ್ಸ್‌ಫರ್ ಆಯ್ತು ಕಣೇ, ಸಾಗ್ರಕ್ಕೆ!"

ಜಗಲಿಯ ಮೇಲೆ ಅವರೆಕಾಳು ಕೇರುತ್ತಿದ್ದ ಮಾಯಮ್ಮ ಮೊರ ಕೆಳಗಿಟ್ಟಳು. "ಯಾಕ್ಲಾ ಟ್ರಾನ್ಸ್‌ಫರ್ ಮಾಡುದ್ರು? ಏನ್ ತಪ್ಪು ಮಾಡ್ತು ಮಗ?"

"ತಪ್ಪೇನಿಲ್ಲ ಕಣವ್ವ, ಓದಕ್ಕೆ."

"ಮತ್ತೆ ನಿನ್ನ ಕನಕಪುರಕ್ಕೆ ಎತ್ತಾಕಿದ್ರಲ್ಲ, ಚೆಕಿಂಗ್‌ನೋನ ಕುಟೆ ಜಗಳ ಆಡ್ದೆ ಅಂತವ?"

"ಅದ್ ಬ್ಯಾರೆ ಟ್ರಾನ್ಸ್‌ಫರು ಬುಡು!"

ಈ ಗಲಾಟೆಯ ನಡುವೆ ರಂಗಿ ಎರಡು ಸಲ ಬಾಯಿ ತೆರೆದಳು, ಎರಡು ಸಲ ಮುಚ್ಚಿದಳು. ಅಜ್ಜಿಯ ಕತೆಯಲ್ಲಿ ನಡುದಾರಿಯಲ್ಲಿ ಮಾತಾಡಿದ ರಾಜಕುಮಾರ ನಿಂತಲ್ಲೇ ಕಲ್ಲಾಗುತ್ತಿದ್ದ. ತನಗೂ ಅಂಥದ್ದೇ ಏನೋ ಕಟ್ಟಳೆ ಇದೆ ಎನ್ನುವಂತೆ ಅವಳು ಸುಮ್ಮನಾದಳು. ನಾಳೆ ಹೇಳಿದರಾಯಿತು ಅಂದುಕೊಂಡಳು.

ನಾಳೆ ಬರುವಷ್ಟರಲ್ಲಿ ಸುದ್ದಿ ಗಾಡಿ ಹತ್ತಿತ್ತು. ಕುದೂರಿನ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಿಂದ ಮಾಗಡಿಯ ಡಿಪೋವರೆಗೆ ಎಲ್ಲರಿಗೂ ಗೊತ್ತಾಯಿತು: ದೇವರಾಜು ಮಗಳು ಸಾಗರದ ಯೂನಿವರ್ಸಿಟಿಗೆ ಹೋಗುತ್ತಿದ್ದಾಳೆ. ಮೂರನೆಯ ದಿನ ಅವನು ಮಾಗಡಿ ಪೇಟೆಯಿಂದ ಒಂದು ರೇನ್‌ಕೋಟು ತಂದ. "ಸಾಗ್ರದ್ ಮಳೆ ಅಂದ್ರೆ ಏನಂದ್ಕಂಡೆ? ನಮ್ಮೂರಂಗೆ ನಾಕ್ ಹನಿ ಉದುರ್ಸಿ ಓಗಾಕಿಲ್ಲ. ಹುಯ್ಯಕ್ ಹಿಡಿದ್ರೆ ತಿಂಗ್ಳು!" ಎಂದು ನೀಲಿ ರೇನ್‌ಕೋಟನ್ನು ಮಗಳ ಮೈಮೇಲೆ ಹಿಡಿದು, ತೋಳಿನ ಅಳತೆ ನೋಡಿದ. ಅವನ ಮುಖದಲ್ಲಿದ್ದ ಬೆಳಕು ನೋಡಿ ರಂಗಿ ನಿಜ ಹೇಳುವ ಬದಲು ರೇನ್‌ಕೋಟನ್ನು ಮಡಿಸಿ ಒಳಗಿಟ್ಟಳು.

"ಹೇಳಿದ್ಯಾ?" ಗೆಳತಿ ನಿಖಾತ್ ದಿನಾ ಕೇಳುತ್ತಿದ್ದಳು. ಕುದೂರಿನ ರೇಷ್ಮೆ ವ್ಯಾಪಾರಿ ಸಾಬೀರ್ ಅವರ ಮಗಳು ನಿಖಾತ್. ಅದೇ ಬಸ್ಸು, ಅದೇ ಕ್ಲಾಸು. ತಿಪ್ಪಸಂದ್ರ ಬರುವವರೆಗೆ ರಂಗಿಗೆಂದು ಕಿಟಕಿ ಪಕ್ಕದ ಸೀಟಿನಲ್ಲಿ ಬ್ಯಾಗಿಟ್ಟು ಕಾಯುವವಳು.

"ಇಲ್ಲ ಕಣೇ."

"ನಿಮ್ಮಪ್ಪ ನಿನ್ನೆ ನಮ್ಮ ಅಬ್ಬಾನ ಹಿಡ್ಕೊಂಡು, ಸಾಗರದಲ್ಲಿ ನಿಮ್ ಕಡೆಯೋರು ಯಾರಾದ್ರೂ ಇದ್ದಾರಾ, ಮಗ್ಳನ್ನ ಒಸಿ ನೋಡ್ಕೊಳ್ಳಿ ಅಂತ ಹೇಳ್ಬೇಕು ಅಂತ ಕೇಳ್ತಿದ್ರು. ಅಲ್ಲ ಕಣೇ, ಆ ಸಾಗರ್‌ನಲ್ಲಿ ಬೇಸಿಗೆ ಬಂದ್ರೆ ತಲೆ ಸುಟ್ಟೋಗೋ ಬಿಸಿಲು. ನಿಮ್ಮಪ್ಪ ನೋಡಿದ್ರೆ ರೇನ್‌ಕೋಟ್ ತಂದವ್ರೆ!"

ಇಬ್ಬರೂ ನಕ್ಕರು. ನಕ್ಕು ಮುಗಿದ ಮೇಲೆ ರಂಗಿಗೆ ಅಳು ಬಂತು. ಕಾಲೇಜು ಬಿಡಬೇಕಾದರೆ ಟೀಸಿ ತೆಗೆದುಕೊಳ್ಳಬೇಕು. ಟೀಸಿಗೆ ತಂದೆ ಬಂದು ಸಹಿ ಹಾಕಬೇಕು ಎಂದು ಆಫೀಸಿನವರು ಹೇಳಿದ್ದರು. ಸೋಮವಾರ ಮಾಗಡಿಯಲ್ಲಿ ಗಾಡಿ ನಿಲ್ಲಿಸಿದಾಗ ಬಂದು ಹಾಕುತ್ತೇನೆ ಎಂದು ಅಪ್ಪ ಒಪ್ಪಿಕೊಂಡಿದ್ದ. ಸಾಗರ್‌ನಲ್ಲಿ ಸೇರಬೇಕಾದ ದಿನವೂ ಹತ್ತಿರ ಬರುತ್ತಿತ್ತು.

"ಸೈನ್ ಹಾಕಿದ್ಮೇಲೆ ಗೊತ್ತಾದ್ರೆ ಅಂಕಲ್ ಇನ್ಯಾವತ್ತೂ ನಿನ್ನ ನಂಬಲ್ಲ," ಎಂದಳು ನಿಖಾತ್. "ಮೊದ್ಲೇ ಗೊತ್ತಾದ್ರೆ ಸೈನೇ ಹಾಕಲ್ಲ. ಯಾವ್ದು ಬೇಕೋ ನೋಡ್ಕೋ."

ಸೋಮವಾರ ಬಸ್ಸು ಕಿಕ್ಕಿರಿದಿತ್ತು. ಹೂವಿನ ಬುಟ್ಟಿಯವರು, ಸಂತೆಗೆ ಹೊರಟವರು, ಕಾಲೇಜಿನ ಮಕ್ಕಳು. ದೇವರಾಜು ಹೆಂಗಸರ ಆಧಾರ್ ನೋಡಿ ಜೀರೋ ಟಿಕೆಟ್ ಹರಿದುಕೊಡುತ್ತ, ನಡುನಡುವೆ ಎಲ್ಲರ ಮನೆಯ ಕ್ಷೇಮ ವಿಚಾರಿಸುತ್ತ ಬರುತ್ತಿದ್ದ. ಡ್ರೈವರ್ ಹಿಂದಿನ ಸೀಟಿನಲ್ಲಿ ದೇವರಾಜುವಿನ ದೊಡ್ಡಪ್ಪನ ಮಗ ರಾಮಲಿಂಗಯ್ಯ, ಊರಿಗೆಲ್ಲ ಹಿರಿಯ, ಕೊಡೆಯ ಮೇಲೆ ಗದ್ದ ಊರಿಕೊಂಡು ಕೂತಿದ್ದ. ಪಕ್ಕದಲ್ಲಿ ಬಿಳಿ ಷರಟಿನ ಅಪರಿಚಿತರೊಬ್ಬರು.

"ಎಲ್ಲಾಯ್ತು ಸ್ವಾಮಿ ಊರು?" ಟಿಕೆಟ್ ಕೊಡುತ್ತ ದೇವರಾಜು ಕೇಳಿದ.

"ಸಾಗರ. ಮಗಳನ್ನ ಕುದೂರಿಗೆ ಕೊಟ್ಟಿದೀವಿ. ನೋಡ್ಕೊಂಡು ಹೊರಟೆ."

ದೇವರಾಜುವಿಗೆ ದೇವರೇ ಬಸ್ ಹತ್ತಿದಂತಾಯಿತು. "ಸಾಗ್ರವಾ! ಅಲ್ನೋಡಿ, ಕಿಟಕಿ ತಾವ ಕುಂತವ್ಳಲ್ಲ, ನನ್ ಮಗ್ಳು. ನಿಮ್ಮೂರಿಗೇ ಬತ್ತಾವ್ಳೆ. ಯೂನಿವರ್ಸಿಟಿಗೆ!"

"ಒಳ್ಳೇದಾಯ್ತು. ಇರುವಕ್ಕಿಯ ಕೃಷಿ ಯೂನಿವರ್ಸಿಟಿಗಾ? ಕೃಷಿ ಓದ್ತಾಳಾ?"

"ಕೃಷಿ ಅಲ್ಲ, ಕಲ್ಲು."

"ಕಲ್ಲಾ?"

"ಕಲ್ಲು, ಮಣ್ಣು, ಬೆಟ್ಟ. ಭೂವಿಜ್ಞಾನ ಅಂತಾರೆ."

"ಅಂಥದ್ದು ನಮ್ಮಲ್ಲಿಲ್ಲ ಮಾರಾಯ್ರೆ. ನೀವು ಬೇರೆಲ್ಲೋ ಕೇಳಿರ್ಬೇಕು."

"ಐತೆ ಬುಡಿ ಸ್ವಾಮಿ. ನಿಮ್ಗೆ ಗೊತ್ತಿಲ್ಲ."

"ನಾನು ಹುಟ್ಟಿದ್ದೇ ಸಾಗರದಲ್ಲಿ!"

"ಹುಟ್ಟಿದ್ರೆ ಆಗೋಯ್ತಾ? ನಾನು ವಾರಕ್ಕೊಂದ್ ಸಲ ಮೆಜೆಸ್ಟಿಕ್ಕಲ್ಲಿ ಬೋರ್ಡ್ ನೋಡ್ತೀನಿ!"

ಬಸ್ಸು ನಗೆಯಲ್ಲಿ ತುಂಬಿಹೋಯಿತು. ರಾಮಲಿಂಗಯ್ಯ ಕೊಡೆ ಕುಟ್ಟಿದ. "ಲೇ ದೇವ್ರಾಜ, ಅವ್ರೂರ್ನ ಅವ್ರಿಗೇ ಹೇಳ್ಕೊಡ್ತೀಯೇನ್ಲಾ?"

"ಇಲ್ಲೇ ಕುಂತವ್ಳಲ್ಲ ರಾಮ್ಲಿಂಗಣ್ಣ, ಕೇಳ್ಬುಡಾಣ. ಹೇಳವ್ವ ರಂಗಿ ಇವ್ರಿಗೆ, ಯೂನಿವರ್ಸಿಟಿ ಸಾಗ್ರದಲ್ಲಿ ಯಾವ್ ಕಡಿಕೆ ಬತ್ತದೆ?"

ಎಲ್ಲರ ಕತ್ತೂ ತಿರುಗಿತು. ನಿಖಾತ್ ರಂಗಿಯ ಕೈ ಹಿಡಿದಳು. 'ಪೇಟೆಯಿಂದ ಒಸಿ ದೂರ' ಎಂದು ಒಂದು ಮಾತು ಎಸೆದರೆ ಸಾಕಿತ್ತು. ಅಪ್ಪ ಗೆಲ್ಲುತ್ತಿದ್ದ. ಇನ್ನೊಂದು ಗಳಿಗೆಗೆ ಮಾಗಡಿ ಬರುತ್ತಿತ್ತು, ಸಹಿ ಬೀಳುತ್ತಿತ್ತು. ಅಪ್ಪ ಅವಳನ್ನೇ ನೋಡುತ್ತಿದ್ದ. ಇಸ್ಪೀಟಿನಲ್ಲಿ ತನ್ನ ಕೈಯ ಗೆಲುವಿನ ಎಲೆಯನ್ನು ಕೆಳಗೆ ಬಡಿಯಲು ಹೊರಟವನ ಹಾಗೆ ನಗುತ್ತಿದ್ದ.

ರಂಗಿ ಎದ್ದು ನಿಂತಳು.

"ಅಪ್ಪ, ಅದು ಈ ಸಾಗರ ಅಲ್ಲ. ಮಧ್ಯಪ್ರದೇಶದ್ದು. ಭೋಪಾಲ್ ದಾಟಿ ಹೋಗ್ಬೇಕು."

ಹಿಂದಿನ ಸೀಟಿನಿಂದ ಯಾರೋ ಕೂಗಿದರು. "ಅಂಗಾದ್ರೆ ಅಲ್ಗಂಟ ಜೀರೋ ಟಿಕೆಟ್ ನಡಿಯಾಕಿಲ್ಲ ಕಣವ್ವೋ!" ಮತ್ತೆ ನಗು, ಈ ಸಲ ಬೇರೆ ಥರದ್ದು.

ದೇವರಾಜು ಕೈಯಲ್ಲಿದ್ದ ಟಿಕೆಟ್ ಮಿಷನ್ನನ್ನು ಅದು ಕೆಟ್ಟುಹೋಗಿದೆಯೇನೋ ಎಂಬಂತೆ ನೋಡಿಕೊಂಡ. ಸೀಟಿಯನ್ನು ಬಾಯಿಗಿಟ್ಟು ಊದಿದ. ನಿಲ್ದಾಣ ಯಾವುದೂ ಬಂದಿರಲಿಲ್ಲ. ಡ್ರೈವರ್ ಬ್ರೇಕ್ ಹಾಕಿ "ಯಾರಣ್ಣ ಇಳಿಯೋರು?" ಎಂದು ಕೇಳಿದಾಗ, "ಯಾರೂ ಇಲ್ಲ, ಹೋಗು" ಅಂದ. ಮಾಗಡಿಯಲ್ಲಿ ರಂಗಿ ಬಹಳ ಹೊತ್ತು ಬಸ್ಸಿನ ಪಕ್ಕ ಕಾದಳು. ಅವನು ಕಾಲೇಜಿನ ಕಡೆ ಬರಲಿಲ್ಲ.

ಸಂಜೆ ಮನೆಯಲ್ಲಿ ಲತಾಮಣಿ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ಇಟ್ಟಳು. "ಬಸ್ ತುಂಬ ಜನದ್ ಮುಂದೆ ನಿಮ್ಮಪ್ಪನ್ ಮಾನ ಹರಾಜಾಕ್ದಲ್ಲೇ. ಮನೇಲೇ ಹೇಳಕ್ಕೆ ಏನಾಗಿತ್ತು ನಿಂಗೆ ದಾಡಿ?" ದೇವರಾಜು ಉಂಡು ಕೈ ತೊಳೆದು ಒಂದೇ ಮಾತಾಡಿದ. "ನಾಳೆ ನಂಗೆ ರಜ. ಹೊಲದಾಗೆ ಕಲ್ಲು ಆಯ್ಬೇಕು. ಎಲ್ರೂ ಬನ್ನಿ."

ರಾಗಿ ಬಿತ್ತುವ ಮುಂಚೆ ಹೊಲದ ಕಲ್ಲು ಆಯುವುದು ಆ ಸೀಮೆಯಲ್ಲಿ ವರ್ಷವರ್ಷದ ಕೆಲಸ. ಎಷ್ಟು ಆಯ್ದರೂ ಮುಗಿಯುವುದಿಲ್ಲ, ಉತ್ತ ಸಲವೆಲ್ಲ ನೆಲ ಹೊಸದಾಗಿ ಹೆರುತ್ತದೆ. ಬೆಳಿಗ್ಗೆಯ ಎಳೆಬಿಸಿಲಲ್ಲಿ ನಾಲ್ವರೂ ಸಾಲು ಹಿಡಿದು ಬಗ್ಗಿದರು. ದೇವರಾಜು ಕಲ್ಲನ್ನು ಬದುವಿಗೆ ಎಸೆಯುತ್ತಿದ್ದ ರಭಸಕ್ಕೆ ಬೇಲಿಯ ಗೌಜಲಕ್ಕಿಗಳು ಎದ್ದು ಓಡಿದವು. ಕೊನೆಗೆ ಒಂದು ಕಲ್ಲನ್ನು ಬದುವಿಗೆ ಎಸೆಯುವ ಬದಲು ಮಗಳ ಕಾಲ ಹತ್ತಿರ ಉರುಳಿಸಿದ.

"ಕಲ್ಲು ಓದಕ್ಕೆ ಅಷ್ಟ್ ದೂರ ಹೋಗ್ಬೇಕಾ? ಇಲ್ಲೇನ್ ಕಲ್ಲಿಗೆ ಬರವಾ? ತಗಾ. ಓದು!"

ರಂಗಿ ಬಗ್ಗಿ ಎತ್ತಿಕೊಂಡಳು. ಮಣ್ಣು ಒರೆಸಿದಳು.

"ಓದ್ತೀನಿ. ಇದ್ರಲ್ಲಿ ಅವರೆಕಾಳಿನ ಗಾತ್ರದ ಕೆಂಪು ಹರಳು ಕಾಣ್ತದಲ್ಲ? ಇದು ಮೊದ್ಲು ಕುದಿಯೋ ಅಂಬಲಿ ಥರ ಇತ್ತು, ನೆಲದೊಳ್ಗೆ ತುಂಬಾ ಆಳದಲ್ಲಿ. ಬೇಗ ಆರಿದ್ರೆ ಹರಳು ಸಾಸ್ವೆಯಷ್ಟು ಆಗೋದು. ಇದು ನಿಧಾನಕ್ಕೆ ಆರ್ತು. ಎಷ್ಟು ನಿಧಾನ ಅಂದ್ರೆ, ಹರಳಿಗೆ ಬೆಳೆಯೋಕೆ ಬೇಕಾದಷ್ಟು ಪುರಸೊತ್ತಿತ್ತು."

ಮಾಯಮ್ಮ ಸೊಂಟ ನೇರ ಮಾಡಿಕೊಂಡು ನಿಂತಳು. "ಅದನ್ನೇ ಅಲ್ವೇನೇ ನಾನು ನಿಂಗೆ ಹೇಳಿದ್ದು? ರಾಕ್ಷಸಿ ಮುದ್ದೆ ಕಟ್ಟಿ ಮಗನ್ನ ಕಾಯ್ತಾ ಕುಂತ್ಲು. ಅವ್ನು ಬರ್ನೇ ಇಲ್ಲ. ಮುದ್ದೆ ಆರ್ತು, ಆರ್ತು, ಆರಿ ಸಾವನದುರ್ಗ ಆಯ್ತು. ಬಿಸಿ ಆರಿ ಕಲ್ಲಾಯ್ತು ಅಂತ ತಿಳ್ಕಣಾಕೆ ಭೋಪಾಲಿಗೆ ಯಾಕೆ ಹೋಗ್ಬೇಕು?"

ಲತಾಮಣಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ರಂಗಿಗೂ ನಗು ಬಂತು.

"ನೀನ್ ಹೇಳಿದ್ದು ಸರಿಯೇ ಕಣಜ್ಜಿ. ಮುದ್ದೆ ಆರಿದ್ದಂತೂ ನಿಜ. ಆದ್ರೆ ಯಾವಾಗ ಕಟ್ಟಿದ್ಲು, ಎಷ್ಟು ಕಾಲ ಆರ್ತು, ಹಿಟ್ಟು ಎಲ್ಲಿಂದ ತಂದ್ಲು, ಅದನ್ನ ನೀನು ಹೇಳ್ಲಿಲ್ಲ. ನಾನು ಕೇಳಿದ್ರೆ ಮಲಿಕ್ಕೋ ಅಂತಿದ್ದೆ."

"ಮಲಗ್ದೆ ಇನ್ನೇನ್ ಮಾಡ್ತೀಯ? ನಂಗೆ ಗೊತ್ತಿದ್ದಿದ್ದೇ ಅಷ್ಟು."

"ಅಪ್ಪ," ರಂಗಿ ಕಲ್ಲನ್ನು ಕೈಯಲ್ಲಿ ಹಿಡಿದೇ ಅವನ ಕಡೆ ತಿರುಗಿದಳು. "ಅವ್ರು ವಿಡಿಯೋ ಕಾಲಲ್ಲಿ ನನ್ನ ಇಂಟರ್‌ವ್ಯೂ ಮಾಡಿದ್ರಲ್ಲ, ಆವಾಗ ಯಾವೂರಮ್ಮ ನಿಂದು ಅಂತ ಕೇಳಿದ್ರು. ರಾಮನಗರದ ಹತ್ರ, ಮಾಗಡಿ ಅಂದೆ. ಮೂರ್ ಜನ ಪ್ರೊಫೆಸರು ಮುಖ ಮುಖ ನೋಡ್ಕಂಡು ನಕ್ರು. ಯಾವ್ದೋ ಕೊಂಪೆಯಿಂದ ಬಂದವ್ಳೆ ಅಂತ ನಗ್ತಾವ್ರೆ ಅಂದ್ಕಂಡೆ, ಕಣ್ಣಲ್ಲಿ ನೀರೇ ಬಂತು. ಅದ್ರಲ್ಲಿ ವಯಸ್ಸಾದೋರೊಬ್ರು ಕುರ್ಚಿಯಿಂದ ಅರ್ಧ ಎದ್ದು, 'ಕ್ಲೋಸ್‌ಪೇಟ್! ಈ ಹುಡ್ಗಿ ಕ್ಲೋಸ್‌ಪೇಟ್‌ನೋಳು!' ಅಂದ್ರು."

ದೇವರಾಜು ಬಗ್ಗಿದವನು ಬಗ್ಗಿದ ಹಾಗೇ ನಿಂತ.

"ನಮ್ ಕುಲೋಸ್‌ಪೇಟೆಯಾ?" ಎಂದಳು ಮಾಯಮ್ಮ. "ಅದು ರಾಮನಗರದ ಹಳೇ ಹೆಸ್ರಲ್ವಾ? ನಮ್ಮಪ್ಪ ಸಾಯೋಗಂಟ ಅಂಗೇ ಅಂತಿದ್ದ. ಅವ್ರಿಗೆಂಗೆ ಗೊತ್ತಾಯ್ತು?"

"ಈ ಕಲ್ಲಿಗೆ ಲೋಕದೋರೆಲ್ಲ ಕರೆಯೋದೇ ಕ್ಲೋಸ್‌ಪೇಟ್ ಗ್ರಾನೈಟ್ ಅಂತ. ಪುಸ್ತಕದಲ್ಲಿ ಅಂಗೇ ಐತೆ. ನಮ್ಮೂರ್ನೋರೇ ಆ ಹೆಸ್ರು ಮರ್ತುಬುಟ್ಟವ್ರೆ. ಅಲ್ಲಿ ಮೇಷ್ಟ್ರು ಕ್ಲಾಸಿಗೆ ಬಂದು ಬೋರ್ಡ್ ಮೇಲೆ ಬರೀತಾರೆ ಅಪ್ಪ, ನಮ್ಮೂರ್ ಹೆಸ್ರನ್ನ. 'ನಾವು ಆ ಕಲ್ಲಿನ ಚೂರು ನೋಡಿ ಪಾಠ ಮಾಡೋರು, ನೀನು ಅದ್ರ ಮೇಲೇ ಹುಟ್ಟಿ ಬೆಳೆದೋಳು, ಬೇಗ ಬಾ' ಅಂದ್ರು ಆ ವಯಸ್ಸಾದೋರು."

ಗಾಳಿ ಬೀಸಿತು. ಪಕ್ಕದ ತೋಪಿನಲ್ಲಿ ಮಾವಿನ ಎಲೆಗಳು ಸದ್ದು ಮಾಡಿದವು. ದೇವರಾಜು ಹತ್ತಿರ ಬಂದು ಅವಳ ಕೈಯಿಂದ ಕಲ್ಲು ತೆಗೆದುಕೊಂಡ. ಹಿಂದೆ ಮುಂದೆ ತಿರುಗಿಸಿ ನೋಡಿದ. ಮೂವತ್ತು ವರ್ಷದಿಂದ ಬದುವಿಗೆ ಎಸೆಯುತ್ತ ಬಂದಿದ್ದ ಕಲ್ಲು.

"ಮೊದ್ಲೇ ಯಾಕೆ ಹೇಳ್ಲಿಲ್ಲ?" ಎಂದ. ದನಿಯಲ್ಲಿ ಸಿಟ್ಟಿಗಿಂತ ನೋವು ಜಾಸ್ತಿಯಿತ್ತು.

"ನೀನು ಅಷ್ಟು ಖುಷಿಯಾಗಿದ್ದೆ. ನಾನು ಸುಳ್ಳು ಹೇಳ್ಲಿಲ್ಲ, ನಿಜಾನೂ ಹೇಳ್ಲಿಲ್ಲ. ತಪ್ಪು ನಂದೇ." ರಂಗಿ ಕೈಯ ಮಣ್ಣು ಒರೆಸಿಕೊಂಡಳು. "ಆದ್ರೆ ನಿನ್ನೆ ಸುಮ್ನಿದ್ದಿದ್ರೆ ನೀನು ಸೈನ್ ಹಾಕ್ತಿದ್ದೆ ಅಪ್ಪ. ಅದು ಶಿವಮೊಗ್ಗದ ಸಾಗರಕ್ಕೆ ಹಾಕಿದ ಸೈನು. ಅದನ್ನ ಇಟ್ಕಂಡು ನಾನೆಂಗೆ ಹೋಗ್ಲಿ? ದೂರ ಅಂತ ಗೊತ್ತಿದ್ದೂ ನೀನು ಹ್ಞೂ ಅಂದ್ರೆ ಹೋಗ್ತೀನಿ. ಇಲ್ಲಾಂದ್ರೆ ಇಲ್ಲ."

"ಒಸಿ ಸುಮ್ಕಿರು," ಎಂದ ದೇವರಾಜು. ಕಲ್ಲನ್ನು ಎಸೆಯಲಿಲ್ಲ. ಬದುವಿನ ಮೇಲೆ ಇಟ್ಟು ಬಂದು ಮತ್ತೆ ಸಾಲು ಹಿಡಿದ. ಸಂಜೆ ಫೋನು ಹಿಡಿದುಕೊಂಡು ಹುಣಸೆಮರದ ಕೆಳಗೆ ಯಾರ ಜೊತೆಗೋ ಬಹಳ ಹೊತ್ತು ಮಾತಾಡಿದ. ರಂಗಿ ಹತ್ತಿರ ಹೋದರೆ ದನಿ ತಗ್ಗಿಸಿದ.

ಮಾರನೆಯ ಬೆಳಿಗ್ಗೆ ಬಸ್ಸು ತಿಪ್ಪಸಂದ್ರಕ್ಕೆ ಬರುವ ಮುಂಚೆಯೇ ಅದರೊಳಗೆ ತಮಾಷೆ ಸಿದ್ಧವಾಗಿ ಕೂತಿತ್ತು. ರಂಗಿ ತಲೆ ತಗ್ಗಿಸಿ ಹತ್ತಿ ನಿಖಾತ್ ಪಕ್ಕ ಸೇರಿಕೊಂಡಳು. ಕಾಲೇಜಿನಲ್ಲಿ ಟೀಸಿಗೆ ಅದೇ ಕೊನೆಯ ದಿನ. ಅಪ್ಪನನ್ನು ಇನ್ನೊಂದು ಸಲ ಕೇಳುವ ಧೈರ್ಯ ಅವಳಲ್ಲಿ ಉಳಿದಿರಲಿಲ್ಲ.

"ಏನ್ ಕಂಡಕ್ಟ್ರೆ, ಇವತ್ತು ಟಿಕೆಟು ಯಾವ್ ಸಾಗ್ರಕ್ಕೆ?" ಹಿಂದಿನಿಂದ ಒಬ್ಬ ಶುರುಮಾಡಿದ.

"ರೇನ್‌ಕೋಟ್ ವಾಪಸ್ ತಗತಾರಾ ಅಂಗ್ಡೀಲಿ?" ಇನ್ನೊಬ್ಬ.

ರಾಮಲಿಂಗಯ್ಯ ಅದೇ ಸೀಟಿನಲ್ಲಿ ಅದೇ ಕೊಡೆ ಊರಿಕೊಂಡು ಕೂತಿದ್ದ. "ನಗ್ಬೇಡ್ರಲಾ. ಪಾಪ, ಅವ್ನ್ ಸಂಕ್ಟ ಅವ್ನಿಗೆ. ಹೆತ್ತಪ್ಪಂಗೇ ಟೋಪಿ ಹಾಕ್ಬುಡ್ತಲ್ಲ ಹೆಣ್ ಮಗ."

ದೇವರಾಜು ಟಿಕೆಟ್ ಹರಿಯುವುದನ್ನು ನಿಲ್ಲಿಸಿದ.

"ಟೋಪಿ ಅವ್ಳು ಹಾಕ್ಲಿಲ್ಲ ರಾಮ್ಲಿಂಗಣ್ಣ. ನಾನೇ ತಗಂಡು ತಲೆ ಮ್ಯಾಲಿಟ್ಕಂಡೆ. ಊರ್ ಹೆಸ್ರು ಕೇಳಿಸ್ಕಂಡೆ, ಯಾವ್ ರಾಜ್ಯ ಅಂತ ಕೇಳ್ಲಿಲ್ಲ. ಬಸ್ ತುಂಬ ಜನ ಕುಂತಿದ್ರು, ಒಂದ್ ಸುಳ್ಳು ಹೇಳಿದ್ರೆ ಅವ್ಳ ಕೆಲ್ಸ ಆಗೋಗ್ತಿತ್ತು. ಎದ್ ನಿಂತು ನಿಜ ಹೇಳ್ತು ನನ್ ಮಗ. ನಿನ್ ಮಗ ರಾಜಶೇಖರ ಪೀಯೂಸೀಲಿ ಡುಮ್ಕಿ ಹೊಡ್ದು, ಒಂದ್ ವರ್ಷ ಕಾಲೇಜ್ಗೆ ಹೋಯ್ತೀನಿ ಅಂತ ಬ್ಯಾಗ್ ತಗಲಾಕ್ಕಂಡು ಮಾಗಡಿ ಥೇಟ್ರಲ್ಲಿ ಕುಂತಿರ್ಲಿಲ್ವಾ? ಅವ್ನೆದ್ ನಿಂತಿದ್ನಾ?"

ಬಸ್ಸು ಬಿದ್ದು ಬಿದ್ದು ನಕ್ಕಿತು. ರಾಮಲಿಂಗಯ್ಯನೂ ನಗು ತಡೆಯಲಾರದೆ ಕೊಡೆಯಿಂದ ದೇವರಾಜುವಿನ ಕಾಲಿಗೆ ಒಂದು ಕೊಟ್ಟ.

"ಅದ್ಬುಡ್ಲಾ. ಈಗ ಹೇಳು. ಕಳಿಸ್ತೀಯಾ? ಕಂಡಿಲ್ಲದ್ ಸೀಮೆ, ಕೇಳಿಲ್ಲದ್ ಮಾತು. ಆ ಕಡಿಕೆ ದಾರಿನಾದ್ರೂ ಗೊತ್ತೇನ್ಲಾ ನಿಂಗೆ?"

ದೇವರಾಜು ಗಂಟಲು ಸರಿಮಾಡಿಕೊಂಡ. ಮೇಲಿನ ಕಂಬಿ ಹಿಡಿದು, ಮಗಳ ಕಡೆ ನೋಡದೆ, ರಸ್ತೆಯ ಕಡೆ ನೋಡುತ್ತ ಶುರುಮಾಡಿದ.

"ನಿನ್ನೆ ಫೋನ್ ಮಾಡಿ ಎಲ್ಲ ಕೇಳ್ಕಂಡಿವ್ನಿ. ರೈಲು ಬೆಂಗ್ಳೂರು ಬುಟ್ರೆ ಹಿಂದೂಪುರ. ಧರ್ಮಾವರ. ಅನಂತಪುರ. ಗುಂತಕಲ್ಲು. ಆಮೇಲೆ ರಾಯಚೂರು, ಅಲ್ಲೊಂದ್ಸಲ ನಮ್ ರಾಜ್ಯ ತಿರ್ಗಾ ಬತ್ತದೆ, ಮಗ ಒಸಿ ಕನ್ನಡ ಕೇಳಿಸ್ಕೋಬೋದು. ವಾಡಿ. ಕಲಬುರ್ಗಿ. ಸೋಲಾಪುರದಿಂದ ಮರಾಠಿ. ದೌಂಡು. ಮನ್ಮಾಡು. ಭುಸಾವಳ, ಅಲ್ಲಿ ಬಾಳೆಹಣ್ಣು ಚೆನ್ನಾಗಿರ್ತವಂತೆ. ಖಂಡ್ವದಿಂದ ಹಿಂದಿ. ಇಟಾರ್ಸಿ. ಭೋಪಾಲಲ್ಲಿ ಇಳ್ದು ಬ್ಯಾರೆ ಗಾಡಿ ಹಿಡೀಬೇಕು. ಇದೇ ತಿಂಗ್ಳು ಇಪ್ಪತ್ತೆಂಟಕ್ಕೆ ಹೊಂಡೋದು. ನಾನೂ ಕೂಡೆ ಹೋಗಿ ಬುಟ್ಟು ಬತ್ತೀನಿ."

ನಿಖಾತ್ ರಂಗಿಯ ತೊಡೆಯನ್ನು ಎಷ್ಟು ಜೋರಾಗಿ ಚಿವುಟಿದಳೆಂದರೆ ಅವಳು ಕೂಗಿಬಿಟ್ಟಳು. ಕೂಗಿದ್ದು ನೋವಿಗೋ ಸಂತೋಷಕ್ಕೋ ಅವಳಿಗೇ ತಿಳಿಯಲಿಲ್ಲ. ಕಣ್ಣೊಳಗೆ ಅಪ್ಪ, ಕಂಬಿ, ಕಿಟಕಿಯಾಚೆಯ ಬಂಡೆಗಳು ಎಲ್ಲ ಕಲಸಿಹೋದವು.

"ಅಲ್ಲಿ ಮುದ್ದೆ ಸಿಕ್ತದಾ?" ಹೂವಿನ ಬುಟ್ಟಿಯ ಹೆಂಗಸೊಬ್ಬಳು ಆತಂಕದಿಂದ ಕೇಳಿದಳು.

"ಇಲ್ವಂತೆ ಕಣಕ್ಕ. ಬರೀ ರೊಟ್ಟಿ."

"ಅಯ್ಯೋ ಶಿವ್ನೆ! ಹಿಟ್ಟು ಕಟ್ಟಿ ಕಳ್ಸಪ್ಪ." ಅವಳು ಬುಟ್ಟಿಯಿಂದ ಒಂದು ಮೊಳ ಕಾಕಡ ಹೂ ಹರಿದು, ಕೈಯಿಂದ ಕೈಗೆ ದಾಟಿಸಿ ರಂಗಿಗೆ ಕಳಿಸಿದಳು.

"ಅಷ್ಟ್ ದೂರದೋರು ನಮ್ ಹುಡ್ಗೀನ ಯಾಕ್ ಕರೀತಾವ್ರಂತೆ?" ರಾಮಲಿಂಗಯ್ಯ ಕೇಳಿದ. ದನಿಯಲ್ಲಿ ಈಗ ಕೊಂಕಿರಲಿಲ್ಲ.

ಅದಕ್ಕೇ ಕಾದಿದ್ದವನಂತೆ ದೇವರಾಜು ಕಿಟಕಿಯಾಚೆ ಕೈ ತೋರಿಸಿದ. "ಅಲ್ಲಿ ಕಾಣ್ತದಲ್ಲಣ್ಣ, ಆ ಕಲ್ಗುಂಡು. ಅದ್ಕೊಂದ್ ಹೆಸ್ರೈತೆ, ಗೊತ್ತಾ ನಿಂಗೆ?" ಎಂದು ಶುರುಮಾಡಿದವನು, ಮುದ್ದೆ ಕಟ್ಟಿದ ರಾಕ್ಷಸಿಯನ್ನೂ ಮೂರು ಜನ ಪ್ರೊಫೆಸರುಗಳನ್ನೂ ಒಂದೇ ಕತೆಯಲ್ಲಿ ಕೂರಿಸಿ ಮಾಗಡಿಯವರೆಗೂ ಹೇಳುತ್ತಲೇ ಬಂದ. ಇಬ್ಬರು ಇಳಿಯುವ ನಿಲ್ದಾಣ ಮರೆತು ಮುಂದೆ ಬಂದುಬಿಟ್ಟರು. ರಂಗಿ ತಿದ್ದಲು ಹೋಗಲಿಲ್ಲ.

ಮಾಗಡಿಯಲ್ಲಿ ಬಸ್ಸು ನಿಂತಾಗ ಅವನು ಡ್ರೈವರಿಗೆ ಕಾಫಿ ಕುಡಿಯಲು ಹೇಳಿ ಕೆಳಗಿಳಿದ. ಖಾಕಿ ಷರಟಿನ ಕಾಲರು ಸರಿಮಾಡಿಕೊಂಡ. ಹೆಗಲಿಗೆ ಚರ್ಮದ ಚೀಲ ಏರಿಸಿ ಕಾಲೇಜಿನ ಕಡೆ ಹೊರಟ. ಎಷ್ಟು ಬಿರಬಿರನೆ ಹೊರಟನೆಂದರೆ ರಂಗಿ ಅವನ ಹಿಂದೆ ಓಡಬೇಕಾಯಿತು.

ಆಫೀಸಿನ ಗುಮಾಸ್ತರು ಕನ್ನಡಕದ ಮೇಲಿಂದ ಅವನನ್ನು ನೋಡಿದರು. "ಮಗಳಿಗೆ ಟೀಸಿನಾ? ಎಲ್ಲಿಗೆ ಸೇರಿಸ್ತಿದ್ದೀರಿ?"

"ಮಧ್ಯಪ್ರದೇಶ, ಸಾರ್. ಸರ್ಕಾರಿ ಯೂನಿವರ್ಸಿಟಿ."

"ಮಧ್ಯಪ್ರದೇಶನಾ? ಅಷ್ಟು ದೂರನಾ ಕಂಡಕ್ಟ್ರೇ?"

ದೇವರಾಜು ಅವರು ಕೊಟ್ಟ ಪೆನ್ನಿನ ಮುಚ್ಚಳ ತೆಗೆದ.

"ದೂರನೇ ಸಾರ್," ಎಂದ. "ಹತ್ರ ಇದ್ದಿದ್ರೆ ಯಾರ್ ಬೇಕಾದ್ರೂ ಹೋಗೋರು." ಬಗ್ಗಿ, ಒಂದೊಂದೇ ಅಕ್ಷರವನ್ನು ದಪ್ಪಗೆ ತಿದ್ದಿ ತನ್ನ ಹೆಸರು ಬರೆದ.